ಒಂದೇ ಬಳ್ಳಿ, ಎರಡು ಬೇನೆ: ಗೋಡೆಗೆ ಹಬ್ಬಿಸಿದ ಜಾಜಿಯೊಂದರ ಪ್ರಕರಣ ಅಧ್ಯಯನ

ಗೋಡೆಗೆ ಒರಗಿಸಿದ ಕಬ್ಬಿಣದ ಜಾಲರಿಯ ಮೇಲೆ ಹಬ್ಬಿಸಿದ್ದ ಜಾಜಿ ಬಳ್ಳಿ ಈ ಪ್ರಕರಣದ ವಿಷಯ. ನೆಟ್ಟು ಆರು ವರ್ಷವಾಗಿತ್ತು. ಬುಡದಿಂದ ಮೂರು ಮುಖ್ಯ ಕಾಂಡಗಳು ಹೊರಟು, ಒಂದು ಎಡಕ್ಕೆ, ಒಂದು ನೇರ ಮೇಲಕ್ಕೆ, ಮತ್ತೊಂದು ಬಲಕ್ಕೆ ಹರಡಿಕೊಂಡಿದ್ದವು. ಮೊದಲ ಐದು ವರ್ಷ ಯಾವ ತಕರಾರೂ ಇಲ್ಲದೆ ಬೆಳೆದು ಹೂ ಬಿಟ್ಟಿದ್ದ ಬಳ್ಳಿ ಕಳೆದೊಂದು ವರ್ಷದಿಂದ ಬಣ್ಣಗೆಟ್ಟಿತ್ತು. ಚಿಗುರು ಹಳದಿಯಾಗಿಯೇ ಹುಟ್ಟುತ್ತಿತ್ತು, ಮೊಗ್ಗು ವಿರಳವಾಗಿತ್ತು, ಬಲಗಡೆಯ ಭಾಗವಂತೂ ಮಧ್ಯಾಹ್ನವಾಗುತ್ತಿದ್ದಂತೆ ಜೋತುಬೀಳುತ್ತಿತ್ತು.

"ಬಾಡುತ್ತಿದೆಯೆಂದು ದಿನವೂ ನೀರು ಹಾಕುತ್ತಿದ್ದೇನೆ, ಹಳದಿಯಾಗಿದೆಯೆಂದು ಯೂರಿಯಾ ಕೊಟ್ಟೆ, ಹುಳ ಇರಬಹುದೆಂದು ಬೇವಿನೆಣ್ಣೆಯನ್ನೂ ಸಿಂಪಡಿಸಿದೆ, ಯಾವುದಕ್ಕೂ ಜಗ್ಗುತ್ತಿಲ್ಲ" ಎಂಬುದು ಬಳ್ಳಿಯನ್ನು ಸಾಕಿದವರ ಅಳಲಾಗಿತ್ತು. ಈ ಮೂರು ಉಪಚಾರಗಳ ಹಿಂದೆ ಮೂರು ಬೇರೆ ಬೇರೆ ರೋಗನಿರ್ಣಯಗಳು ಅಡಗಿವೆ ಎಂಬುದನ್ನು ಗಮನಿಸಬೇಕು. ನೀರು ಹಾಕಿದವರು ಬರವನ್ನು ಶಂಕಿಸಿದ್ದಾರೆ, ಯೂರಿಯಾ ಕೊಟ್ಟವರು ಸಾರಜನಕದ ಕೊರತೆಯನ್ನು, ಎಣ್ಣೆ ಹೊಡೆದವರು ಕೀಟವನ್ನು. ಮದ್ದು ನಾಟದಿದ್ದರೂ ಅದು ತನಿಖೆಗೆ ವ್ಯರ್ಥವಲ್ಲ. ಯೂರಿಯಾ ಬಿದ್ದ ಮೇಲೆ ಚಿಗುರು ಜೋರಾಗಿ ಬಂದಿತೆಂದೂ, ಆದರೆ ಹಿಂದಿಗಿಂತ ಹೆಚ್ಚು ಬಿಳಚಿಕೊಂಡಿತೆಂದೂ ಕೇಳಿದಾಗಲೇ ಸಾರಜನಕದ ಕೊರತೆಯನ್ನು ಶಂಕಿತರ ಪಟ್ಟಿಯಿಂದ ಬಹುಮಟ್ಟಿಗೆ ಕೈಬಿಡಬಹುದಾಗಿತ್ತು. ಕೊರತೆ ಅದರದೇ ಆಗಿದ್ದರೆ ಒಂದೆರಡು ವಾರಗಳಲ್ಲಿ ಹಸಿರು ಮರಳಬೇಕಿತ್ತು. ಬದಲಾಗಿ, ಬೆಳವಣಿಗೆಯ ವೇಗ ಹೆಚ್ಚಿದಂತೆ ಬೇರೆ ಯಾವುದೋ ಪೋಷಕಾಂಶದ ಅಭಾವ ಇನ್ನಷ್ಟು ಎದ್ದು ಕಂಡಿತ್ತು.

ಎಲೆಗಳ ಪರಿಶೀಲನೆ

ಬಳ್ಳಿಯ ಕಾಯಿಲೆಯನ್ನು ದೂರದಿಂದ ನೋಡಿದಾಗ ಕಾಣುವುದು "ಹಳದಿ" ಎಂಬ ಒಂದೇ ಬಣ್ಣ. ಹತ್ತಿರ ಹೋಗಿ, ಒಂದು ಕವಲನ್ನು ತುದಿಯಿಂದ ಬುಡದವರೆಗೆ ಎಲೆಯಿಂದೆಲೆಗೆ ನೋಡುತ್ತ ಬಂದರೆ ಆ ಹಳದಿಗೆ ಒಂದು ಕ್ರಮ ಇರುವುದು ತಿಳಿಯುತ್ತದೆ. ಯಾವ ವಯಸ್ಸಿನ ಎಲೆ ಮೊದಲು ಕೆಟ್ಟಿದೆ, ಎಲೆಯ ಯಾವ ಭಾಗ ಕೆಟ್ಟಿದೆ, ಇಡೀ ಬಳ್ಳಿ ಕೆಟ್ಟಿದೆಯೇ ಅಥವಾ ಒಂದು ಪಾರ್ಶ್ವ ಮಾತ್ರವೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಯಾವ ಬಾಟಲಿಯ ಮುಚ್ಚಳವನ್ನೂ ತೆರೆಯಬಾರದೆಂಬುದು ನನ್ನ ಅಭಿಪ್ರಾಯ.

ಎಡ ಮತ್ತು ನಡು ಕಾಂಡಗಳಲ್ಲಿ ಕೆಳಗಿನ ಹಳೆಯ ಎಲೆಗಳು ಗಾಢ ಹಸಿರಾಗಿಯೇ ಇದ್ದವು. ತುದಿಯ ನಾಲ್ಕೈದು ಜೊತೆ ಎಲೆಗಳು ಮಾತ್ರ ಹಳದಿ. ಜಾಜಿಯ ಎಲೆ ಹಲವು ಕಿರುಎಲೆಗಳು ಸೇರಿ ಆದದ್ದು. ಅಂಥ ಒಂದು ಕಿರುಎಲೆಯನ್ನು ಬೆಳಕಿಗೆ ಹಿಡಿದು ನೋಡಿದಾಗ ನಡುನರವೂ ಅದರಿಂದ ಕವಲೊಡೆದ ಸಣ್ಣ ನರಗಳೂ ಕಡುಹಸಿರು ಗೆರೆಗಳಾಗಿ ಉಳಿದು, ಅವುಗಳ ನಡುವಿನ ಜಾಗವೆಲ್ಲ ನಿಂಬೆ ಬಣ್ಣಕ್ಕೆ ತಿರುಗಿತ್ತು. ತೀರ ತುದಿಯ ಎಲೆಗಳಲ್ಲಿ ನರಗಳೂ ಮಾಸಿ, ಎಲೆ ಬಹುತೇಕ ಕೆನೆಬಿಳಿಯಾಗಿತ್ತು, ಅಂಚು ಅಲ್ಲಲ್ಲಿ ಕಂದಾಗಿ ಸುಟ್ಟಂತಿತ್ತು.

ಈ ಚಿತ್ರದಲ್ಲಿ ಎಲೆಯ ವಯಸ್ಸೇ ನಿರ್ಣಾಯಕ. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಸಂಚರಿಸಬಲ್ಲ ಪೋಷಕಾಂಶಗಳು. ಅಭಾವ ಬಂದಾಗ ಗಿಡ ಹಳೆಯ ಎಲೆಯಿಂದ ಅವನ್ನು ಕಿತ್ತು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೊರತೆ ಹಳೆಯ ಎಲೆಗಳಲ್ಲೇ ಮೊದಲು ಕಾಣುತ್ತದೆ. ಕಬ್ಬಿಣ ಮತ್ತು ಮ್ಯಾಂಗನೀಸ್ ಹಾಗಲ್ಲ. ಒಮ್ಮೆ ಎಲೆಯಲ್ಲಿ ನೆಲೆಗೊಂಡ ಕಬ್ಬಿಣ ಅಲ್ಲಿಂದ ಸುಲಭವಾಗಿ ಹೊರಡುವುದಿಲ್ಲವಾದ್ದರಿಂದ, ಪೂರೈಕೆ ನಿಂತ ದಿನದಿಂದ ಹುಟ್ಟುವ ಹೊಸ ಎಲೆಗಳೇ ಬರಿಗೈಯಾಗುತ್ತವೆ. ನರಗಳ ನಡುವೆ ಹಳದಿ ಎಂಬ ಲಕ್ಷಣ ಮೆಗ್ನೀಷಿಯಂ ಕೊರತೆಗೂ ಉಂಟು, ಕಬ್ಬಿಣದ ಕೊರತೆಗೂ ಉಂಟು. ಮೊದಲನೆಯದು ಹಳೆಯ ಎಲೆಯಲ್ಲಿ, ಎರಡನೆಯದು ಚಿಗುರಿನಲ್ಲಿ. ಎಲೆಯೊಂದನ್ನು ಮಾತ್ರ ಕಿತ್ತು ತಂದು "ಇದಕ್ಕೇನಾಗಿದೆ" ಎಂದು ಕೇಳುವವರಿಗೆ ಉತ್ತರ ಕೊಡುವುದು ಕಷ್ಟವಾಗುವುದು ಇದೇ ಕಾರಣಕ್ಕೆ. ಆ ಎಲೆ ಕವಲಿನ ಯಾವ ಜಾಗದ್ದು ಎಂಬುದೇ ಅರ್ಧ ಉತ್ತರ.

ಇಷ್ಟರಿಂದ ಎಡ ಮತ್ತು ನಡು ಕಾಂಡಗಳ ಮಟ್ಟಿಗೆ ಕಬ್ಬಿಣದ ಅಭಾವ ಬಲವಾದ ಶಂಕಿತನಾಯಿತು. ಆದರೆ ಬಲ ಕಾಂಡ ಈ ಕಥೆಗೆ ಹೊಂದುತ್ತಿರಲಿಲ್ಲ. ಅಲ್ಲಿ ಚಿಗುರೂ ಹಳೆಯ ಎಲೆಯೂ ಒಟ್ಟಿಗೇ ಕಳೆಗುಂದಿದ್ದವು. ಹಳೆಯ ಎಲೆಗಳ ಬಣ್ಣ ಮಾಸಲು ಹಸಿರು, ಅಂಚು ಒಳಮುಖವಾಗಿ ಸುರುಳಿ. ಬುಡದ ಕಡೆಯಿಂದ ಎಲೆ ಉದುರುತ್ತ ಬಂದಿತ್ತು. ಮೊದಮೊದಲು ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತಿದ್ದ ಎಲೆಗಳು ಈಚೆಗೆ ಬೆಳಿಗ್ಗೆಯೂ ಪೂರ್ತಿ ನಿಗುರುತ್ತಿರಲಿಲ್ಲ ಎಂದು ಮನೆಯವರು ಹೇಳಿದರು. ಕಬ್ಬಿಣದ ಕೊರತೆಯಿಂದ ಎಲೆ ಬಿಳಚಬಹುದೇ ಹೊರತು ಹೀಗೆ ಬಾಡುವುದಿಲ್ಲ. ಎಲ್ಲ ಲಕ್ಷಣಗಳಿಗೂ ಒಂದೇ ಕಾರಣ ಹುಡುಕುವ ಆಸೆ ಪರೀಕ್ಷಕರಿಗೆ ಸಹಜ. ಈ ಬಳ್ಳಿಯ ಮುಂದೆ ಆ ಆಸೆಯನ್ನು ಬದಿಗಿಡಬೇಕಾಯಿತು.

ಬಲ ಕಾಂಡ

ಬಾಡುವಿಕೆಗೆ ಕಾರಣ ನೀರಿನ ಕೊರತೆಯೇ, ನೀರಿನ ಅತಿಯೇ, ಬೇರಿನ ರೋಗವೇ, ಕಾಂಡದೊಳಗಿನ ಸೊರಗು ರೋಗವೇ ಅಥವಾ ದಾರಿಯಲ್ಲೆಲ್ಲೋ ತಡೆಯೇ ಎಂದು ಒಂದೊಂದಾಗಿ ನೋಡಬೇಕಿತ್ತು. ನೀರಿನ ಕೊರತೆಯಲ್ಲ ಎಂಬುದು ಕೂಡಲೇ ಗೊತ್ತಾಯಿತು. ಪಾತಿಯ ಮಣ್ಣನ್ನು ಒಂದು ಗೇಣು ಆಳಕ್ಕೆ ಕೆದಕಿ ಮುಷ್ಟಿಯಲ್ಲಿ ಹಿಡಿದಾಗ ಅದು ಉಂಡೆಯಾಗಿ ನಿಂತಿತು, ಬೆರಳಿಗೆ ತಂಪಾಗಿ ಅಂಟಿತು. ಅಲ್ಲದೆ ಒಂದೇ ಪಾತಿಯ ನೀರು ಕುಡಿಯುವ ಮೂರು ಕಾಂಡಗಳಲ್ಲಿ ಒಂದಕ್ಕೆ ಮಾತ್ರ ಬಾಯಾರಿಕೆಯಾಗುವುದು ವಿಚಿತ್ರ.

ವಿಚಿತ್ರವಾದರೂ ಅಸಾಧ್ಯವಲ್ಲ ಎಂಬುದನ್ನು ಇಲ್ಲಿ ಸೇರಿಸಬೇಕು. ಹಲವು ಮರಬಳ್ಳಿಗಳಲ್ಲಿ ಬುಡದ ಒಂದು ಮಗ್ಗುಲಿನ ಬೇರುಗಳು ಮುಖ್ಯವಾಗಿ ಅದೇ ಮಗ್ಗುಲಿನ ಕಾಂಡಕ್ಕೆ ನೀರು ಒದಗಿಸುತ್ತವೆ. ಹೀಗಾಗಿ ಬಲ ಮಗ್ಗುಲಿನ ಬೇರುಗಳು ಮಾತ್ರ ಕೊಳೆತಿದ್ದರೆ ಬಲ ಕಾಂಡ ಮಾತ್ರ ಬಾಡುವುದು ಸಾಧ್ಯ. ದಿನವೂ ನೀರು ನಿಲ್ಲಿಸಿದ ಪಾತಿಯಲ್ಲಿ ಈ ಶಂಕೆಗೆ ಆಧಾರವೂ ಇತ್ತು. ಆದ್ದರಿಂದ ಗೋಡೆಯಿಂದ ದೂರದ ಕಡೆಯಲ್ಲಿ, ಬುಡದ ಬಲಕ್ಕೆ, ಸಣ್ಣ ಗುಳಿ ತೋಡಿ ಬೇರುಗಳನ್ನು ಹೊರತೆಗೆದು ತೊಳೆದು ನೋಡಲಾಯಿತು. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಹೊರಪದರ ಕತ್ತಿಯ ಒರೆಯಂತೆ ಕಳಚಿ ಬಂದು, ಒಳಗಿನ ನೂಲಿನಂಥ ನಾರು ಮಾತ್ರ ಉಳಿಯುತ್ತದೆ. ಹುಳಿ ಅಥವಾ ಕೊಳೆತ ವಾಸನೆಯೂ ಬರುತ್ತದೆ. ಇಲ್ಲಿನ ಬೇರು ಗಟ್ಟಿಯಾಗಿತ್ತು, ಉಗುರಿನಿಂದ ಕೆರೆದಾಗ ಒಳಗೆ ಕೆನೆಬಣ್ಣವಿತ್ತು, ವಾಸನೆ ಹಸಿಮಣ್ಣಿನದೇ ಆಗಿತ್ತು. ಮಲ್ಲಿಗೆಯ ಜಾತಿಗೆ ಬೇರುಗಂಟು ಜಂತುಹುಳುವಿನ ಕಾಟ ಉಂಟಾದ್ದರಿಂದ ಸಣ್ಣ ಬೇರುಗಳಲ್ಲಿ ಮಣಿಗಳಂಥ ಉಬ್ಬುಗಳಿಗಾಗಿಯೂ ಹುಡುಕಲಾಯಿತು, ಅವೂ ಇರಲಿಲ್ಲ.

ಬೇರು ಸರಿಯಿದ್ದು ಎಲೆ ಬಾಡುತ್ತಿದೆಯೆಂದ ಮೇಲೆ ತೊಂದರೆ ನಡುವೆಲ್ಲೋ ಇರಬೇಕು. ಬಲ ಕಾಂಡವನ್ನು ನೆಲದಿಂದ ಕೈಯಲ್ಲಿ ಸವರುತ್ತ ಮೇಲಕ್ಕೆ ಹೋಗುವುದು ಮುಂದಿನ ಹೆಜ್ಜೆಯಾಯಿತು. ಸೊಂಟದೆತ್ತರದಲ್ಲಿ, ಎಲೆ ಮತ್ತು ಒಣಗಿದ ಕಡ್ಡಿಗಳ ಮರೆಯಲ್ಲಿ, ಕಾಂಡ ಒಮ್ಮೆಲೇ ದಪ್ಪಗಾಗಿದ್ದುದು ಕೈಗೆ ತಗುಲಿತು. ಕಡ್ಡಿಗಳನ್ನು ಸರಿಸಿದಾಗ ಜಾಲರಿಗೆ ಬಿಗಿದಿದ್ದ ಕಟ್ಟುತಂತಿ ಕಾಂಡದ ಸುತ್ತ ಎರಡು ಸುತ್ತು ಹಾದುಹೋಗಿರುವುದು ಕಂಡಿತು. ಒಂದು ಸುತ್ತು ತೊಗಟೆಯೊಳಗೆ ಪೂರ್ತಿ ಹೂತು, ತುಕ್ಕಿನ ಕಂದು ಗೆರೆಯಷ್ಟೇ ಹೊರಗೆ ಉಳಿದಿತ್ತು. ಅದರ ಮೇಲ್ಭಾಗದಲ್ಲಿ ತೊಗಟೆ ತುಟಿಯಂತೆ ಉಬ್ಬಿ ತಂತಿಯನ್ನು ನುಂಗತೊಡಗಿತ್ತು, ಕೆಳಭಾಗದಲ್ಲಿ ಕಾಂಡ ಹಳೆಯ ದಪ್ಪದಲ್ಲೇ ನಿಂತಿತ್ತು.

ಉಬ್ಬು ತಂತಿಯ ಮೇಲೆಯೇ ಏಕೆ, ಕೆಳಗೇಕಲ್ಲ ಎಂಬುದಕ್ಕೆ ಸಸ್ಯಶಾಸ್ತ್ರದಲ್ಲಿ ಹಳೆಯ ಉತ್ತರವಿದೆ. ಇಟಲಿಯ ಮಾರ್ಚೆಲೊ ಮಾಲ್ಪೀಗಿ 17ನೇ ಶತಮಾನದಲ್ಲೇ ಕಾಂಡದ ಸುತ್ತ ತೊಗಟೆಯನ್ನು ಉಂಗುರವಾಗಿ ತೆಗೆದು, ಗಾಯದ ಮೇಲ್ಭಾಗ ಊದಿಕೊಳ್ಳುವುದನ್ನು ಗುರುತಿಸಿದ್ದ. ಎಲೆಯಲ್ಲಿ ತಯಾರಾದ ಸಕ್ಕರೆ ಒಳತೊಗಟೆಯ ಫ್ಲೋಯಂ ಮೂಲಕ ಕೆಳಗಿಳಿಯುತ್ತದೆ. ನೀರು ಅದಕ್ಕಿಂತ ಒಳಗಿನ ಮರದ ಭಾಗವಾದ ಕ್ಸೈಲಂ ಮೂಲಕ ಮೇಲೇರುತ್ತದೆ. ಬಿಗಿಯಾದ ತಂತಿ ಹೊರಗಿನಿಂದ ಒಳಕ್ಕೆ ಕೊರೆಯುವುದರಿಂದ ಮೊದಲು ಕಟ್ಟುವುದು ಸಕ್ಕರೆಯ ದಾರಿ. ಇಳಿಯಲಾಗದ ಸಕ್ಕರೆ ತಂತಿಯ ಮೇಲೆ ಶೇಖರವಾಗಿ ಅಲ್ಲಿನ ಅಂಗಾಂಶ ಉಬ್ಬುತ್ತದೆ. ಈ ಹಂತದಲ್ಲಿ ಎಲೆ ಬಾಡುವುದಿಲ್ಲ, ಏಕೆಂದರೆ ನೀರಿನ ದಾರಿ ಇನ್ನೂ ತೆರೆದಿರುತ್ತದೆ. ಇದರಿಂದಾಗಿಯೇ ತಂತಿಯ ಹಾನಿ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಂಡ ದಪ್ಪವಾಗುತ್ತ ಹೋಗಿ, ತಂತಿಯ ಜಾಗದಲ್ಲಿ ಮಾತ್ರ ಹೊಸ ಮರ ಬೆಳೆಯದೆ ಉಳಿದಾಗ, ಮೇಲಿನ ಎಲೆಗಳ ಬೇಡಿಕೆಗೆ ಆ ಕಿರಿದಾದ ಕೊರಳು ಸಾಲದಾಗುತ್ತದೆ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಬಾಡುವಿಕೆ ಶುರುವಾಗುವುದು ಆಗ.

ಆದರೂ ಹೂತ ತಂತಿ ಸಿಕ್ಕಿದ ಮಾತ್ರಕ್ಕೆ ಅದನ್ನೇ ಅಪರಾಧಿಯೆಂದು ಘೋಷಿಸುವುದು ಆತುರವಾಗುತ್ತಿತ್ತು. ತೀರ್ಪನ್ನು ಗಟ್ಟಿ ಮಾಡಿದ್ದು ತಂತಿಗಿಂತ ಒಂದು ಗೇಣು ಕೆಳಗೆ, ಅದೇ ಬಲ ಕಾಂಡದಿಂದ ಹೊರಟಿದ್ದ ಒಂದು ಎಳೆಯ ಕವಲು. ಅದರ ತುದಿ ಎಲೆಗಳು ಉಳಿದ ಬಳ್ಳಿಯಂತೆ ಹಳದಿಯಾಗಿದ್ದರೂ, ಸುಡುಮಧ್ಯಾಹ್ನದಲ್ಲೂ ಅವು ನಿಗುರಿಕೊಂಡೇ ಇದ್ದವು. ಅಂದರೆ ಅದೇ ಬೇರು, ಅದೇ ಕಾಂಡ, ಅದೇ ಬಿಸಿಲು; ತಂತಿಯ ಕೆಳಗೆ ಬಾಡುವಿಕೆ ಇಲ್ಲ, ತಂತಿಯ ಮೇಲೆ ಇದೆ. ಸೊರಗು ರೋಗದ ಶಂಕೆಯನ್ನೂ ಬಗೆಹರಿಸಲೆಂದು ಮೇಲೊಂದು ಕೆಳಗೊಂದು ಕಡ್ಡಿಯನ್ನು ಓರೆಯಾಗಿ ಕತ್ತರಿಸಿ ನೋಡಲಾಯಿತು. ಫ್ಯುಸೇರಿಯಂ ಅಥವಾ ವರ್ಟಿಸಿಲಿಯಂ ಶಿಲೀಂಧ್ರ ನೀರಿನ ನಾಳಗಳಲ್ಲಿ ಸೇರಿಕೊಂಡಿದ್ದರೆ ತೊಗಟೆಯ ಕೆಳಗಿನ ಮರದಲ್ಲಿ ಕಂದು ಗೆರೆಗಳು ಅಥವಾ ಉಂಗುರ ಕಾಣುವುದು ಸಾಮಾನ್ಯ. ಎರಡೂ ಕಡೆ ಮರ ಸ್ವಚ್ಛವಾಗಿತ್ತು.

ಬಲ ಭಾಗದಲ್ಲಿ ಇನ್ನೊಂದು ಶಂಕಿತನೂ ಇತ್ತು. ಎಲೆಗಳ ಕೆಳಗೆ ಬಿಳಿ ಕಾಗದ ಹಿಡಿದು ಕವಲನ್ನು ತಟ್ಟಿದಾಗ ಚುಕ್ಕೆಗಳು ಉದುರಿ, ಅವುಗಳಲ್ಲಿ ಕೆಲವು ನಡೆಯತೊಡಗಿದವು. ಬೆರಳಿಂದ ಒರಸಿದರೆ ಕೆಂಪು ಗೀಟು. ಕೆಂಪು ಜೇಡನುಸಿ. ಭೂತಕನ್ನಡಿಯಲ್ಲಿ ಎಲೆಯ ತಳಭಾಗದ ಸಣ್ಣ ಬಲೆಯೂ ಮೇಲ್ಭಾಗದ ಸೂಜಿಮೊನೆಯಂಥ ಬಿಳಿ ಚುಕ್ಕೆಗಳೂ ಸ್ಪಷ್ಟವಾಗಿದ್ದವು. ಬೇರೆ ಪುರಾವೆ ಇಲ್ಲದೆ ಇಷ್ಟನ್ನೇ ನೋಡಿದವರು "ನುಸಿ ರೋಗ" ಎಂದು ಬರೆದುಕೊಟ್ಟು ಹೊರಟುಬಿಡುವ ಸಾಧ್ಯತೆ ಬಹಳ. ನುಸಿ ಬಿಸಿಯಾದ ಒಣ ಹವೆಯಲ್ಲಿ, ನೀರಿನ ಒತ್ತಡದಲ್ಲಿರುವ ಗಿಡದ ಮೇಲೆ ವೇಗವಾಗಿ ಹೆಚ್ಚುತ್ತದೆ. ಎಲೆ ಎಲೆಗೆ ತಾಗುವಷ್ಟು ಹತ್ತಿರವಿದ್ದ ನಡು ಕಾಂಡದಲ್ಲಿ ಅದೇ ರೀತಿ ತಟ್ಟಿದಾಗ ಬಿದ್ದ ನುಸಿ ಬೆರಳೆಣಿಕೆಯಷ್ಟು. ಬಾಡಿದ ಕಡೆ ನುಸಿ ಸೇರಿದೆಯೇ ಹೊರತು ನುಸಿ ಸೇರಿದ್ದಕ್ಕೆ ಬಾಡಿದ್ದಲ್ಲ ಎಂದು ಇದರಿಂದ ತೀರ್ಮಾನಿಸಿದೆ. ಮಲ್ಲಿಗೆಯ ಎಲೆ ಮತ್ತು ಮೊಗ್ಗಿನ ಮೇಲೆ ಬಿಳಿ ತುಪ್ಪಳದಂಥ ಬೆಳವಣಿಗೆ ತರುವ ಬೇರೊಂದು ನುಸಿಯ ಕುರುಹು ಎಲ್ಲಿಯೂ ಇರಲಿಲ್ಲ.

ಗೋಡೆಯ ಬುಡ

ತಂತಿ ಕಟ್ಟಿದ್ದು ಯಾರು, ಯಾವಾಗ ಎಂದು ಕೇಳಿದಾಗ ಪ್ರಕರಣದ ಉಳಿದರ್ಧಕ್ಕೆ ದಾರಿ ಸಿಕ್ಕಿತು. "ಹೋದ ವರ್ಷ ಗೋಡೆಗೆ ಮತ್ತೆ ಗಾರೆ ಮಾಡಿಸಿದೆವಲ್ಲ, ಆಗ ಬಳ್ಳಿಯನ್ನು ಕೆಳಗಿಳಿಸಿದ್ದರು. ಕೆಲಸ ಮುಗಿದ ಮೇಲೆ ಕೈಗೆ ಸಿಕ್ಕ ತಂತಿಯಲ್ಲಿ ಅವರೇ ಕಟ್ಟಿಕೊಟ್ಟರು. ಅದನ್ನು ಹೇಳಬೇಕು ಅಂತ ಅನಿಸಲೇ ಇಲ್ಲ" ಎಂದರು. ಗಿಡಕ್ಕೆ ಏನೇನು ಕೊಟ್ಟಿರಿ ಎಂದು ಕೇಳಿದರೆ ಜನ ಗೊಬ್ಬರ, ನೀರು, ಔಷಧಿಯ ಲೆಕ್ಕ ಒಪ್ಪಿಸುತ್ತಾರೆ. ಗೋಡೆ, ಪೈಪು, ಚರಂಡಿ, ಬಣ್ಣದ ಕೆಲಸ ಗಿಡದ ಲೆಕ್ಕಕ್ಕೆ ಬರುವುದಿಲ್ಲ. ಈ ಪ್ರಶ್ನೆಯನ್ನು ಬೇರೆಯಾಗಿಯೇ ಕೇಳಬೇಕು.

ಬೇರಿಗಾಗಿ ತೋಡಿದ ಗುಳಿ ಗೋಡೆಯಿಂದ ದೂರದಲ್ಲಿತ್ತು. ಈಗ ಗೋಡೆಗೆ ಅಂಟಿದ ಕಡೆಯಲ್ಲಿ ಕೆದಕಿದಾಗ ನಾಲ್ಕು ಬೆರಳಿನ ಆಳದಲ್ಲಿಯೇ ಹಾರೆಗೆ ಕರಕರ ಸದ್ದು ಕೇಳಿಸಿತು. ಕಿತ್ತ ಹಳೆಯ ಗಾರೆಯ ಚೂರುಗಳು, ಚೆಲ್ಲಿ ಗಟ್ಟಿಯಾದ ಸಿಮೆಂಟಿನ ಹಕ್ಕಳೆಗಳು, ಮರಳು. ಇವೆಲ್ಲದರ ಮೇಲೆ ತೆಳ್ಳಗೆ ಮಣ್ಣು ಹರಡಿ ಚೊಕ್ಕಟ ಮಾಡಲಾಗಿತ್ತು. ಒಂದು ಚಮಚ ಮಣ್ಣಿನ ಮೇಲೆ ವಿನೆಗರ್ ಸುರಿದಾಗ ಅದು ಚುರುಗುಟ್ಟುತ್ತ ನೊರೆಯೆದ್ದಿತು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಧಾರಾಳವಾಗಿದೆ. ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಬಟ್ಟಿ ಇಳಿಸಿದ ನೀರು ಬೆರೆಸಿ, ಅರ್ಧ ಗಂಟೆ ಬಿಟ್ಟು ಅಳೆದಾಗ ಗೋಡೆಯ ಬುಡದ ಮಣ್ಣಿನ ರಸಸಾರ (ಆಮ್ಲ-ಕ್ಷಾರದ ಅಳತೆಯಾದ ಪಿಎಚ್; 7 ತಟಸ್ಥ, ಅದಕ್ಕಿಂತ ಮೇಲೆ ಕ್ಷಾರ) 8.3 ಬಂತು, ಅದೇ ತೋಟದಲ್ಲಿ ಗೋಡೆಯಿಂದ ಮೂರು ಮೀಟರ್ ಆಚೆಯ ಮಣ್ಣಿನದು 7.1. ಹೋಲಿಕೆಗೆ ಈ ಎರಡನೆಯ ಮಾದರಿ ಇಲ್ಲದಿದ್ದರೆ ಮೊದಲ ಸಂಖ್ಯೆಗೆ ಹೆಚ್ಚಿನ ಅರ್ಥವಿರುತ್ತಿರಲಿಲ್ಲ, ಆ ತೋಟದ ಮಣ್ಣೇ ಹಾಗೆಂದು ತಳ್ಳಿಹಾಕಬಹುದಿತ್ತು. ಹೊಸ ಸಿಮೆಂಟಿನ ರಸಸಾರ 12ಕ್ಕೂ ಮೇಲಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್‌ ತಗುಲಿ ಅದರ ಸುಣ್ಣ ಕ್ರಮೇಣ ಕಾರ್ಬೊನೇಟ್ ಆಗುತ್ತ ಬಂದಾಗ ರಸಸಾರ 8.3ರ ಆಸುಪಾಸಿಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ. ವರ್ಷದ ಹಿಂದಿನ ಗಾರೆ ಕೆಲಸಕ್ಕೆ ಈ ಅಳತೆ ಸರಿಹೊಂದುತ್ತದೆ.

ಕ್ಷಾರದ ಮಣ್ಣಿನಲ್ಲಿ ಕಬ್ಬಿಣ ಇರುವುದಿಲ್ಲ ಎಂದಲ್ಲ. ಮಣ್ಣಿನಲ್ಲಿ ಕಬ್ಬಿಣ ಎಂದೂ ಬೇಕಾದಷ್ಟಿರುತ್ತದೆ, ಆದರೆ ಅದು ಕರಗಿದ ರೂಪದಲ್ಲಿ ಬೇರಿಗೆ ಸಿಗಬೇಕು. ರಸಸಾರ ಒಂದು ಅಂಕ ಏರಿದಾಗ ಫೆರಿಕ್ ಕಬ್ಬಿಣದ ಕರಗುವಿಕೆ ಸುಮಾರು ಸಾವಿರ ಪಟ್ಟು ಕುಸಿಯುತ್ತದೆ. ಅದರ ಮೇಲೆ ದಿನನಿತ್ಯದ ನೀರು ಸೇರಿದರೆ ಹಾನಿ ಇಮ್ಮಡಿ: ತೇವ ಹೆಚ್ಚಿದ ಸುಣ್ಣದ ಮಣ್ಣಿನಲ್ಲಿ ಬೇರು ಮತ್ತು ಸೂಕ್ಷ್ಮಜೀವಿಗಳು ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಲಾರದೆ ಬೈಕಾರ್ಬೊನೇಟ್ ಹೆಚ್ಚುತ್ತದೆ, ಅದು ಕಬ್ಬಿಣದ ಹೀರುವಿಕೆಗೆ ಇನ್ನಷ್ಟು ಅಡ್ಡಿ. ಬಾಡುತ್ತಿದೆಯೆಂದು ಬಲ ಕಾಂಡಕ್ಕಾಗಿ ಹಾಕಿದ ನೀರು ಬಲ ಕಾಂಡಕ್ಕೆ ಉಪಯೋಗವಾಗದೆ, ಉಳಿದೆರಡು ಕಾಂಡಗಳ ಹಳದಿಯನ್ನು ಹೆಚ್ಚಿಸುತ್ತಿತ್ತು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಕುತೂಹಲದ ಅಂಶ ಇದೇ.

ಮಣ್ಣಿನ ಪರೀಕ್ಷೆ ಸಾಧ್ಯತೆಯನ್ನು ತೋರಿಸುತ್ತದೆ, ಸಾಕ್ಷ್ಯವನ್ನು ಎಲೆಯಿಂದಲೇ ಪಡೆಯಬೇಕು. ಫ್ರಾನ್ಸಿನ ಯೂಸೆಬ್ ಗ್ರಿಸ್ 1840ರ ದಶಕದಲ್ಲಿ ಹಳದಿಯಾದ ದ್ರಾಕ್ಷಿ ಬಳ್ಳಿಗಳಿಗೆ ಕಬ್ಬಿಣದ ಲವಣ ಕೊಟ್ಟು ಹಸಿರು ಮರಳುವುದನ್ನು ತೋರಿಸಿಕೊಟ್ಟಿದ್ದ. ಆ ಪರೀಕ್ಷೆ ಇಂದಿಗೂ ಅಷ್ಟೇ ಸರಳ, ಅಷ್ಟೇ ನಂಬಲರ್ಹ. ಒಂದು ಲೀಟರ್ ನೀರಿಗೆ ಐದು ಗ್ರಾಂ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ), ಅದು ಕೆಡದಿರಲು ಚಿಟಿಕೆಯಷ್ಟು ಸಿಟ್ರಿಕ್ ಆಮ್ಲದೊಂದಿಗೆ ಕರಗಿಸಿ, ನಡು ಕಾಂಡದ ಒಂದು ಕವಲಿನ ಹಳದಿ ಎಲೆಗಳಿಗೆ ಕುಂಚದಿಂದ ಸವರಲಾಯಿತು. ಮ್ಯಾಂಗನೀಸ್ ಕೊರತೆಯೂ ನೋಡಲು ಹೀಗೆಯೇ ಇರುವುದರಿಂದ ಇನ್ನೊಂದು ಕವಲಿಗೆ ಮ್ಯಾಂಗನೀಸ್ ಸಲ್ಫೇಟ್‌ ದ್ರಾವಣ, ಮೂರನೆಯದಕ್ಕೆ ಬರಿಯ ನೀರು. ಮೂರಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ತಂಪು ಹೊತ್ತಿನಲ್ಲಿ ಸವರಿದ್ದಾಯಿತು. ಒಂದೂವರೆ ವಾರದ ಹೊತ್ತಿಗೆ ಕಬ್ಬಿಣ ಸವರಿದ ಎಲೆಗಳಲ್ಲಿ ಕುಂಚ ಹಾದ ಕಡೆಯೆಲ್ಲ ಹಸಿರು ಮೂಡಿತ್ತು, ಹನಿ ನಿಂತಿದ್ದ ಜಾಗದಲ್ಲಿ ದಟ್ಟ ಹಸಿರಿನ ಮಚ್ಚೆ, ಕುಂಚ ತಪ್ಪಿದ ಅಂಚಿನಲ್ಲಿ ಹಳೆಯ ಹಳದಿ. ಉಳಿದೆರಡು ಕವಲುಗಳು ಇದ್ದ ಹಾಗೆಯೇ ಇದ್ದವು.

ಉಪಚಾರ

ಬಲ ಕಾಂಡದ ವಿಷಯದಲ್ಲಿ ಮನೆಯವರಿಗೂ ನನಗೂ ಸ್ವಲ್ಪ ಚರ್ಚೆ ನಡೆಯಿತು. ತಂತಿಯನ್ನು ಬಿಡಿಸಿ ಕಾದು ನೋಡಬಾರದೇ ಎಂಬುದು ಅವರ ಕೋರಿಕೆ. ಬಳ್ಳಿಯ ಮೂರನೆಯ ಒಂದು ಭಾಗವನ್ನು ಕಡಿದು ಹಾಕಲು ಮನಸ್ಸಾಗದಿರುವುದು ನ್ಯಾಯವೇ. ತಂತಿ ಒಂದು ಮಗ್ಗುಲಲ್ಲಿ ಮಾತ್ರ ಹೂತಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ: ತಂತಿಯನ್ನು ಹಲವು ಕಡೆ ತುಂಡರಿಸಿ, ಸಡಿಲವಾಗಿ ಬಂದಷ್ಟನ್ನು ತೆಗೆದು, ಹೂತ ತುಂಡನ್ನು ಕೆದಕಿ ಹೊಸ ಗಾಯ ಮಾಡದೆ ಬಿಟ್ಟುಬಿಡಬೇಕು, ಉಳಿದ ತೊಗಟೆಯ ಮೂಲಕ ಕಾಂಡ ಚೇತರಿಸಿಕೊಳ್ಳಲು ಅವಕಾಶವಿರುತ್ತದೆ. ಇಲ್ಲಿ ಸುತ್ತಲೂ ಉಗುರಿನಿಂದ ಕೆರೆದು ನೋಡಿದಾಗ ತಂತಿಯ ಮಟ್ಟದಲ್ಲಿ ಎಲ್ಲಿಯೂ ಹಸಿರು ತೊಗಟೆ ಸಿಗಲಿಲ್ಲ, ಒಳಮರವೂ ಒಂದು ಪಕ್ಕ ಒಣಗಿ ಕಂದಾಗಿತ್ತು. ತಂತಿಯ ಕೆಳಗಿನ ಆ ಎಳೆಯ ಕವಲು ಇದ್ದುದರಿಂದ ಕಡಿಯುವ ನಿರ್ಧಾರ ಹಗುರವಾಯಿತು. ಕವಲಿನ ಸ್ವಲ್ಪ ಮೇಲೆ, ನೀರು ನಿಲ್ಲದಂತೆ ಓರೆಯಾಗಿ ಕಾಂಡವನ್ನು ಕತ್ತರಿಸಿ, ಕವಲನ್ನೇ ಹೊಸ ಬಲ ಕಾಂಡವಾಗಿ ಜಾಲರಿಗೆ ಹತ್ತಿಸಲಾಯಿತು. ನುಸಿಯ ಬಹುಪಾಲು ಕತ್ತರಿಸಿದ ಸೊಪ್ಪಿನೊಂದಿಗೇ ಹೋಯಿತು; ಉಳಿದದ್ದಕ್ಕೆ ಎಲೆಯ ತಳಭಾಗಕ್ಕೆ ಬೆಳಗಿನ ಹೊತ್ತು ರಭಸವಾಗಿ ನೀರು ಹೊಡೆಯುವುದು ಸಾಕಾಯಿತು.

ನಡು ಮತ್ತು ಎಡ ಕಾಂಡಗಳಲ್ಲೂ ಅದೇ ತಂತಿಯ ಕಟ್ಟುಗಳಿದ್ದವು. ಅವು ತೊಗಟೆಯ ಮೇಲೆ ಗೀರು ಮೂಡಿಸಿದ್ದವೇ ಹೊರತು ಒಳಕ್ಕೆ ಇಳಿದಿರಲಿಲ್ಲ. ಎಲ್ಲವನ್ನೂ ಬಿಚ್ಚಿ, ಬಟ್ಟೆಯ ಪಟ್ಟಿಯನ್ನು ಕಾಂಡಕ್ಕೂ ಜಾಲರಿಗೂ ನಡುವೆ ಎಂಟರ ಆಕಾರದಲ್ಲಿ ದಾಟಿಸಿ, ಕಾಂಡದ ಸುತ್ತ ಒಂದು ಬೆರಳು ಆಡುವಷ್ಟು ಸಡಿಲವಾಗಿ ಕಟ್ಟಲಾಯಿತು.

ಮಣ್ಣಿನ ಉಪಚಾರದಲ್ಲಿ ಗಂಧಕದ ಪ್ರಸ್ತಾಪ ಬಂದೇ ಬರುತ್ತದೆ. ಗಂಧಕವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ಸಲ್ಫ್ಯೂರಿಕ್ ಆಮ್ಲವಾಗಿ ಪರಿವರ್ತಿಸಿ ರಸಸಾರವನ್ನು ಇಳಿಸುತ್ತವೆ ಎಂಬುದು ನಿಜ. ಆದರೆ ಲೆಕ್ಕವನ್ನೂ ನೋಡಬೇಕು. ಒಂದು ಕಿಲೋ ಗಂಧಕ ತಟಸ್ಥಗೊಳಿಸಬಲ್ಲ ಕ್ಯಾಲ್ಸಿಯಂ ಕಾರ್ಬೊನೇಟ್ ಸುಮಾರು ಮೂರು ಕಿಲೋ ಮಾತ್ರ, ಅದಕ್ಕೂ ವಾರಗಳಲ್ಲ, ತಿಂಗಳುಗಳು ಬೇಕು. ಬುಟ್ಟಿಗಟ್ಟಲೆ ಗಾರೆಯ ಚೂರು ಹೂತಿರುವಾಗ ಮೇಲೆ ಹಿಡಿಯಷ್ಟು ಗಂಧಕ ಉದುರಿಸುವುದು ಮನಸ್ಸಮಾಧಾನಕ್ಕಷ್ಟೇ. ಕೈಯಿಂದಲೇ ಚೂರುಗಳನ್ನು ಹೆಕ್ಕಿ ತೆಗೆಯುವುದು ಹೆಚ್ಚು ಕೆಲಸದ್ದಾದರೂ ಖಚಿತವಾದ ಮಾರ್ಗ. ಬೇರುಗಳೆಲ್ಲ ಒಟ್ಟಿಗೆ ಗಾಳಿಗೆ ತೆರೆದುಕೊಳ್ಳದಂತೆ ಮೊದಲು ಎಡ ಮಗ್ಗುಲು, ಕೆಲವು ವಾರಗಳ ಅಂತರದಲ್ಲಿ ಬಲ ಮಗ್ಗುಲು ತೋಡಿ, ಚೂರು ಹೆಕ್ಕಿ, ತೋಟದ ದೂರದ ಮಣ್ಣಿಗೆ ಚೆನ್ನಾಗಿ ಕಳಿತ ಕಾಂಪೋಸ್ಟ್ ಬೆರೆಸಿ ತುಂಬಲಾಯಿತು.

ಈ ಬದಲಾವಣೆ ಬೇರಿಗೆ ತಲುಪುವವರೆಗೆ ಬಳ್ಳಿಗೆ ಕಬ್ಬಿಣ ಬೇಕಲ್ಲ. ಅನ್ನಭೇದಿಯನ್ನು ಎಲೆಗೆ ಸಿಂಪಡಿಸಿದರೆ ಆ ಎಲೆಗಳಷ್ಟೇ ಹಸಿರಾಗುತ್ತವೆ, ಮುಂದಿನ ಚಿಗುರು ಮತ್ತೆ ಹಳದಿಯಾಗಿ ಬರುತ್ತದೆ. ಅದನ್ನೇ ಈ ಮಣ್ಣಿಗೆ ಹಾಕಿದರೆ ಬಹುಬೇಗ ಕರಗದ ತುಕ್ಕಾಗಿ ಕುಳಿತುಬಿಡುತ್ತದೆ. ಇಲ್ಲಿ ಬೇಕಾದದ್ದು ಕೀಲೇಟ್ ರೂಪದ ಕಬ್ಬಿಣ, ಅಂದರೆ ಸಾವಯವ ಅಣುವೊಂದು ಹಿಡಿದಿಟ್ಟು ಕರಗಿದ ಸ್ಥಿತಿಯಲ್ಲೇ ಉಳಿಸುವ ಕಬ್ಬಿಣ, ಅದರಲ್ಲೂ ಯಾವ ಕೀಲೇಟ್ ಎಂಬುದು ಮುಖ್ಯ. ಇಡಿಟಿಎ ಕೀಲೇಟ್ ರಸಸಾರ 6.5ರ ಮೇಲೆ ಕಬ್ಬಿಣದ ಹಿಡಿತ ಕಳೆದುಕೊಳ್ಳತೊಡಗುತ್ತದೆ, ಡಿಟಿಪಿಎ ಸುಮಾರು 7.5ರವರೆಗೆ ತಾಳುತ್ತದೆ, ಇಡಿಡಿಎಚ್‌ಎ ಮಾತ್ರ 8.3ರಂಥ ಮಣ್ಣಿನಲ್ಲೂ ನಿಲ್ಲುತ್ತದೆ. ಪೊಟ್ಟಣದ ಮೇಲೆ "ಕಬ್ಬಿಣದ ಕೀಲೇಟ್" ಎಂದಷ್ಟೇ ಇದ್ದರೆ ಒಳಗಿರುವುದು ಯಾವುದೆಂದು ಸಣ್ಣ ಅಕ್ಷರಗಳಲ್ಲಿ ಹುಡುಕಬೇಕು. ಇಡಿಡಿಎಚ್‌ಎ ದ್ರಾವಣ ಗಾಢ ಕೆಂಪು ಬಣ್ಣದ್ದು, ಬಿಸಿಲಿಗೆ ಒಡೆಯುತ್ತದೆ. ಆದ್ದರಿಂದ ಸಂಜೆ ಹೊತ್ತು ಬುಡದ ಸುತ್ತ ಸುರಿದು, ಮೇಲೆ ನೀರು ಹಾಯಿಸಿ ಬೇರಿನ ಆಳಕ್ಕೆ ಇಳಿಸಲಾಯಿತು. ಯೂರಿಯಾ ನಿಂತಿತು. ನೀರನ್ನು ಮೇಲಿನ ಎರಡು ಬೆರಳಿನಷ್ಟು ಮಣ್ಣು ಒಣಗಿದ ಮೇಲೆಯೇ ಕೊಡಬೇಕೆಂದು ತೀರ್ಮಾನವಾಯಿತು.

ನಂತರದ ಸ್ಥಿತಿ

ಗುಣವಾಗಿದೆಯೇ ಎಂದು ನೋಡುವಾಗ ಹಳೆಯ ಹಳದಿ ಎಲೆಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಅವುಗಳಲ್ಲಿ ತೀರ ಬಿಳಚಿದ್ದವು ಎಂದೂ ಹಸಿರಾಗುವುದಿಲ್ಲ. ಉಪಚಾರದ ದಿನ ಪ್ರತಿ ಮುಖ್ಯ ಕವಲಿನ ತುದಿಯಲ್ಲಿ ದಾರ ಕಟ್ಟಿ, ಅದರಿಂದ ಮುಂದೆ ಬೆಳೆದದ್ದನ್ನು ಮಾತ್ರ ಗಮನಿಸಲಾಯಿತು. ಮುಂದಿನ ಚಿಗುರು ಎಡ ಕಾಂಡದಲ್ಲಿ ಪೂರ್ಣ ಹಸಿರಾಗಿ ಬಂತು, ನಡು ಕಾಂಡದಲ್ಲೂ ಬಹುಪಾಲು ಹಾಗೆಯೇ. ಬಲಗಡೆಯ ಹೊಸ ಕಾಂಡ ಜಾಲರಿಯ ಅರ್ಧವನ್ನು ದಾಟಿತು, ಮಧ್ಯಾಹ್ನದ ಬಾಡುವಿಕೆ ಮತ್ತೆ ಕಾಣಲಿಲ್ಲ. ಕೀಲೇಟನ್ನೂ ಮಣ್ಣಿನ ಬದಲಾವಣೆಯನ್ನೂ ಒಂದೇ ಅವಧಿಯಲ್ಲಿ ಮಾಡಿದ್ದರಿಂದ ಮೊದಲ ಹಸಿರಿನಲ್ಲಿ ಯಾವುದರ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾಗದು. ಅದಕ್ಕೆ ಉತ್ತರ ಕೊಟ್ಟದ್ದು ಕೀಲೇಟಿನ ಪ್ರಭಾವ ಕಳೆದ ನಂತರದ ಚಿಗುರು: ಎಡ ಮತ್ತು ಬಲ ಕಾಂಡಗಳು ಹಸಿರಾಗಿಯೇ ಮುಂದುವರಿದವು, ನಡು ಕಾಂಡದ ಗೋಡೆ ಬದಿಯ ಕವಲುಗಳಲ್ಲಿ ನರಗಳ ನಡುವಿನ ಹಳದಿ ತೆಳುವಾಗಿ ಮರುಕಳಿಸಿತು. ಆ ಭಾಗದ ಬೇರುಗಳು ಗೋಡೆಯ ತಳಪಾಯದ ಕಡೆಗೆ ನುಗ್ಗಿದ್ದು, ಅಲ್ಲಿ ಇನ್ನಷ್ಟು ತೋಡಿದರೆ ಬೇರೂ ಉಳಿಯದು, ತಳಪಾಯಕ್ಕೂ ಒಳ್ಳೆಯದಲ್ಲ.

ಬಳ್ಳಿಯನ್ನು ಕಿತ್ತು ಬೇರೆಡೆ ನೆಡಬಹುದೇ ಎಂದು ಮನೆಯವರು ಕೇಳಿದರು. ಆರು ವರ್ಷದ ಬೇರನ್ನು ಕೀಳುವ ಅಪಾಯಕ್ಕೆ ಹೋಲಿಸಿದರೆ, ಬೆಳವಣಿಗೆಯ ಕಾಲದ ಆರಂಭದಲ್ಲಿ ನಡು ಕಾಂಡದ ಬುಡಕ್ಕೆ ಒಂದು ಬಾರಿ ಕೀಲೇಟ್ ಕೊಡುತ್ತ ಹೋಗುವುದು ಸಣ್ಣ ಕೆಲಸವೆಂದು ಹೇಳಿದೆ. ಅದರ ಜೊತೆಗೆ ಬಲ ಕಾಂಡದ ಕೆಳಗಿನ ಒಂದು ಉದ್ದನೆಯ ಹಂಬನ್ನು ನೆಲಕ್ಕೆ ಬಾಗಿಸಿ, ಗೋಡೆಯಿಂದ ದೂರದ ಒಳ್ಳೆಯ ಮಣ್ಣಿನಲ್ಲಿ ಒಂದು ಗೆಣ್ಣಿನ ಕೆಳಗೆ ತೊಗಟೆಯನ್ನು ಸ್ವಲ್ಪ ಕೆರೆದು ಹೂತು, ಮೇಲೆ ಕಲ್ಲು ಇಡಲಾಗಿದೆ. ಬೇರು ಬಿಟ್ಟ ಮೇಲೆ ಅದನ್ನು ತಾಯಿಬಳ್ಳಿಯಿಂದ ಕತ್ತರಿಸಿ ಅಲ್ಲಿಯೇ ಬೇರೆ ಹಂದರಕ್ಕೆ ಹಬ್ಬಿಸುವುದೆಂದು ನಿರ್ಧಾರವಾಗಿದೆ. ಸದ್ಯ ಹೂತ ಗೆಣ್ಣಿನಿಂದಾಚೆ ಎರಡು ಜೊತೆ ಹೊಸ ಎಲೆ ಬಂದಿವೆ, ಬೇರಿನ ಪರೀಕ್ಷೆ ಇನ್ನೂ ಆಗಬೇಕಿದೆ.